ಬೂಸ್ಟ್ ಇಳಿಸಿದ ಮೇಲೆ

ಕಳೆದ ಭಾನುವಾರ ಬೆಳಿಗ್ಗೆ ನನ್ನ ಕಾರು ಹಲ್ಲು ಕಡಿಯತೊಡಗಿತು.

ತಮಾಷೆಯಲ್ಲ. ತ್ಯಾಗರಾಜನಗರದ ಮನೆಯಿಂದ ಹೊರಟು ಫ್ಲೈಓವರ್ ಏರುವಾಗ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನೊಳಗೆ ಕಟಕಟ ಸದ್ದು. ಹಿಂದಿನ ವಾರವಷ್ಟೇ ಚಾಮರಾಜಪೇಟೆಯ ಗ್ಯಾರೇಜೊಂದರಲ್ಲಿ ಟರ್ಬೊದ ಬೂಸ್ಟ್ ಹೆಚ್ಚಿಸಿಕೊಂಡಿದ್ದೆ. (ಐವತ್ತು ದಾಟಿದ ಒಂಟಿ ಮನುಷ್ಯನಿಗೆ ಅಷ್ಟು ಸ್ಪೀಡ್ ಯಾಕೆ? ಭಾನುವಾರಗಳು ಬಹಳ ನಿಧಾನ ಸ್ವಾಮಿ.)

ಗ್ಯಾರೇಜಿಗೆ ರಜೆ. ಫೋನಿನಲ್ಲಿ ಶ್ರೀಧರನ ಹೆಸರು ಹುಡುಕಿದೆ. ಓದುವಾಗ ಮತ್ತಿಕೆರೆಯ ಒಂದೇ ರೂಮಿನಲ್ಲಿದ್ದವರು ನಾವು. ಈಗ ಅವನು ಆಟೊಮೊಬೈಲ್ ಪಾಠ ಹೇಳುವ ಮೇಷ್ಟ್ರು, ಇರುವುದು ಮಲ್ಲೇಶ್ವರದಲ್ಲಿ. ಜಗಳವೇನೂ ಆಗಿಲ್ಲ. ಆದರೂ ಯುಗಾದಿಗೊಂದು, ದೀಪಾವಳಿಗೊಂದು ಫಾರ್ವರ್ಡ್ ಬಿಟ್ಟರೆ ಮಾತಿಲ್ಲ. ಒಂದೇ ಊರಿನಲ್ಲಿದ್ದು ಹೀಗಾಗುವುದು ಹೇಗೆ? ನಿಮಗೂ ಗೊತ್ತಿರಬೇಕು.

"ಗಾಡಿ ತಗೊಂಡ್ ಬಾರೋ," ಎಂದ, ನಿನ್ನೆ ತಾನೇ ಮಾತಾಡಿದವನ ಹಾಗೆ.

ಮೆಲ್ಲಗೆ ಓಡಿಸಿಕೊಂಡು ಹೋದೆ. ಶ್ರೀಧರ ಪಕ್ಕದ ಸೀಟಿನಲ್ಲಿ ಕೂತು, ಮ್ಯೂಸಿಕ್ ಆಫ್ ಮಾಡಿಸಿ, ಕಣ್ಣು ಮುಚ್ಚಿ ಸದ್ದು ಕೇಳಿಸಿಕೊಂಡ. ಆಮೇಲೆ ಪಾಠ ಶುರು. ಟರ್ಬೊ ಗಾಳಿಯನ್ನು ಮೊದಲೇ ಒತ್ತಿ (ಈ ಒತ್ತಡವೇ ಬೂಸ್ಟ್) ಸಿಲಿಂಡರಿಗೆ ತುಂಬುತ್ತದೆ. ಪಿಸ್ಟನ್ ಅದನ್ನೇ ಇನ್ನೊಮ್ಮೆ ಹಿಂಡುತ್ತದೆ. ಎಷ್ಟು ಪಟ್ಟು ಹಿಂಡುತ್ತದೆ ಎನ್ನುವುದೇ ಕಂಪ್ರೆಷನ್ ರೇಶಿಯೊ. ನನ್ನ ಎಂಜಿನ್ನಿನಲ್ಲಿ ಅದು ಮೊದಲೇ ಜಾಸ್ತಿಯಂತೆ.

"ಎರಡೂ ಒತ್ತಿದ್ರೆ ಒಳಗಿನ ಬಿಸಿ ತಡಿಯಲ್ಲ ಕಣೋ. ಸ್ಪಾರ್ಕ್ ಹಚ್ಚಿದ ಬೆಂಕಿ ಮುಟ್ಟೋದ್ರೊಳಗೆ ಉಳಿದ ಪೆಟ್ರೋಲ್ ತಾನೇ ಹೊತ್ಕೊಳುತ್ತೆ. ಅದೇ ಈ ಸದ್ದು. ಹೀಗೇ ಓಡಿಸಿದ್ರೆ ಪಿಸ್ಟನ್ ಹೋಗುತ್ತೆ. ಬೂಸ್ಟ್ ಇಳಿಸು."

ಪಿಸ್ಟನ್ ಬದಲಿಸಿ ರೇಶಿಯೊ ತಗ್ಗಿಸಬಹುದಲ್ಲ ಎಂದೆ. ತಗ್ಗಿಸಬಹುದು, ಆದರೆ ಟರ್ಬೊ ವೇಗ ಹಿಡಿಯುವವರೆಗೆ ಗಾಡಿ ಮಂಕಾಗಿರುತ್ತದೆ ಎಂದ. ಅಷ್ಟು ಸುಲಭಕ್ಕೆ ತಾನೇ ಹೊತ್ತಿಕೊಳ್ಳದ, ಆಕ್ಟೇನ್ ಜಾಸ್ತಿಯಿರುವ ಪೆಟ್ರೋಲ್ ಹಾಕಿದರೆ? ಗಾಳಿಯನ್ನು ಇನ್ನಷ್ಟು ತಣ್ಣಗೆ ಮಾಡಿದರೆ? ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೂ ಕೇಳಿದೆ. ಮಲ್ಲೇಶ್ವರದ ಕ್ರಾಸುಗಳನ್ನೆಲ್ಲ ಸುತ್ತಿದೆವು. ರೂಮಿನ ದಿನಗಳ ಹಾಗೆ ನಡುನಡುವೆ ನನ್ನನ್ನು ದಡ್ಡ ಎಂದ. ಯಾರಾದರೂ ನನ್ನನ್ನು ಹಾಗೆ ಕರೆದು ಎಷ್ಟು ವರ್ಷವಾಗಿತ್ತೋ.

ಅವನ ಮನೆಯಿಂದ ಫೋನ್ ಬಂತು. ಗೇಟಿನ ಹತ್ತಿರ ಇಳಿಸಿದೆ. ಹೇಗಿದ್ದೀಯ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಏನಾದ್ರೂ ಪ್ರಾಬ್ಲಂ ಆದ್ರೆ ಫೋನ್ ಮಾಡೋ," ಎಂದು ಒಳಗೆ ಹೋದ.

ಮರುದಿನ ಗ್ಯಾರೇಜಿನವರು ಬೂಸ್ಟ್ ಇಳಿಸಿಕೊಟ್ಟರು. ಸದ್ದು ಪೂರ್ತಿ ನಿಂತಿದೆ.

ಕಾರಿಗೀಗ ಯಾವ ಪ್ರಾಬ್ಲಮ್ಮೂ ಇಲ್ಲ. ಏನಂತ ಫೋನ್ ಮಾಡಲಿ?