ಗುರುಸಿದ್ದಮ್ಮನ ಮೂಗು, ಊಟಿಯ ಗಿಡ

ಹಂಗಳದ ಗುರುಸಿದ್ದಮ್ಮನಿಗೆ ದೇವರು ಕೊಟ್ಟ ಆಸ್ತಿ ಎಂದರೆ ಮೂಗು. ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಲೇ ಪಕ್ಕದ ಮನೆಯ ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೋ ಸೀಯುತ್ತಿದೆಯೋ ಎಂದು ಹೇಳುವ ಹೆಂಗಸು. "ಪುಟ್ಟಬಸಮ್ಮ, ಆಲು ಸೀಯ್ತಾ ಅದೆ ಓಗಮ್ಮಿ!" ಎಂದು ಕೂಗಿದಳೆಂದರೆ ಪುಟ್ಟಬಸಮ್ಮ, "ಯಾರ ಆಲು ಸಿದ್ದಮ್ಮ, ನಂದಾ?" ಎನ್ನುತ್ತ ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಬೇಕು. ಅವಳದ್ದೇ ಆಗಿರುತ್ತಿತ್ತು, ಯಾವಾಗಲೂ.

ಮಳೆ ಇನ್ನೂ ಗೋಪಾಲಸ್ವಾಮಿ ಬೆಟ್ಟದ ಮೇಲಿರುವಾಗಲೇ ಗುರುಸಿದ್ದಮ್ಮ ಅಂಗಳದಲ್ಲಿ ಹರವಿದ ರಾಗಿಯನ್ನು ಒಳಗೆ ಸೇರಿಸಿಬಿಡುತ್ತಿದ್ದಳು. ಅವಳ ಗಂಡ ಶಾಂತಮಲ್ಲಪ್ಪ ವೀಳ್ಯದೆಲೆ ವ್ಯಾಪಾರಿ. ಲಾರಿಯಲ್ಲಿ ಎಲೆ ಹೇರಿಕೊಂಡು ಊಟಿಗೆ ಹೋಗಿ, ಬರುವಾಗ ಆಲೂಗೆಡ್ಡೆ ತರುವವನು. ದಾರಿಯಲ್ಲಿ ಕದ್ದು ಸೇದಿದ ಬೀಡಿಯನ್ನು ಮರೆಸಲು ಆ ಬಡಪಾಯಿ ತುಳಸಿ ಜಗಿದು ಬಂದರೆ, ಅವಳು ಬೀಡಿಗೂ ಬೈದು ತುಳಸಿಗೂ ಬೈಯುತ್ತಿದ್ದಳು. ಜಗಳಗಂಟಿ ಎಂದು ಊರು ಅಂದುಕೊಂಡರೂ, ಮದುವೆ ಮನೆಯಲ್ಲಿ ತುಪ್ಪ ಕಾಯಿಸುವಾಗ ಮಾತ್ರ ಅವಳನ್ನೇ ಕರೆದು ಒಲೆಯ ಮುಂದೆ ಕೂರಿಸುತ್ತಿತ್ತು.

ಐವತ್ತೈದನೇ ಇಸವಿಯ ಮುಂಗಾರಿನಲ್ಲಿ ಅವಳಿಗೆ ವಿಷಮಶೀತ ಜ್ವರ ಬಂತು. ಬದುಕಿದ್ದೇ ಹೆಚ್ಚು. ಉದುರಿದ ಕೂದಲು ಮತ್ತೆ ಬಂತು, ಕಾಲಿಗೆ ಶಕ್ತಿ ಬಂತು. ಎದ್ದು ಮೊದಲ ದಿನ ಒಲೆ ಹಚ್ಚಿ ಹಾಲಿಟ್ಟು ಅಲ್ಲೇ ಅದಕ್ಕೆ ಬೆನ್ನು ಹಾಕಿ ಸೊಪ್ಪು ಸೋಸುತ್ತ ಕೂತಿದ್ದಳು. ಗೋಡೆಯಾಚೆಯಿಂದ ಪುಟ್ಟಬಸಮ್ಮ ಕೂಗಿದಳು: "ಸಿದ್ದಮ್ಮ, ಆಲು ಸೀಯ್ತಾ ಅದೆ ಕಣಮ್ಮಿ! ಏನ್ ನಿದ್ದೆ ಮಾಡ್ಬುಟ್ಯಾ?" ಕೂಗಿ ನಕ್ಕಳು. ಗುರುಸಿದ್ದಮ್ಮ ತಿರುಗಿ ನೋಡಿದರೆ ಪಾತ್ರೆಯ ತಳ ಕರ್ರಗಾಗಿತ್ತು, ಅಡುಗೆಮನೆಯ ತುಂಬ ಹೊಗೆ. ಅವಳ ಮೂಗಿಗೆ ಏನೂ ತಿಳಿದಿರಲಿಲ್ಲ.

ಊರಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಗಂಡನಿಗೆ ಮಾತ್ರ ಹೇಳಿಕೊಂಡು ಅತ್ತಳು. "ಇಬೂತಿ ವಾಸ್ನೆ ಇಲ್ಲ, ಮಳೆ ವಾಸ್ನೆ ಇಲ್ಲ. ಉಂಡ್ರೆ ಬೂದಿ ಉಂಡಂಗಾಯ್ತದೆ. ಆ ಜ್ವರ ನನ್ನನ್ನೇ ತಕ್ಕೊಂಡೋಗಬಾರ್ದಿತ್ತಾ?" ಗುಂಡ್ಲುಪೇಟೆಯ ಡಾಕ್ಟರು ಮೂಗಿನೊಳಗೆ ಬ್ಯಾಟರಿ ಬಿಟ್ಟು ನೋಡಿ, ತಾನಾಗಿ ಬಂದರೆ ಬಂತು, ಔಷಧಿಯಿಲ್ಲ ಅಂದರು. ಶಾಂತಮಲ್ಲಪ್ಪ ಮಾತು ಕಡಿಮೆಯ ಮನುಷ್ಯ. ಬೀಡಿ ಬಿಟ್ಟ. ಅವಳ ಮೂಗಿಗೆ ಗೊತ್ತಾಗದ ಕಾಲದಲ್ಲಿ ಬಿಟ್ಟನಲ್ಲ, ಅದು ಅವಳನ್ನು ಇನ್ನಷ್ಟು ಸುಟ್ಟಿತು.

ಆ ವರ್ಷದ ಮಾಗಿಯಲ್ಲಿ ಅವನು ಊಟಿಯಿಂದ ಒಂದು ಗಿಡ ತಂದ. ಗೇಣುದ್ದ, ಬೇರಿನ ಮಣ್ಣಿಗೆ ಪಾಚಿ ಸುತ್ತಿತ್ತು. ಎಲೆ ದಪ್ಪ, ಎಣ್ಣೆ ಸವರಿದಂತೆ ಹಸಿರು. ಬಂಗಲೆಯೊಂದರ ತಮಿಳು ಮಾಲಿ, ಜೊತೆಯಲ್ಲಿ ಎಲೆಅಡಿಕೆ ಹಾಕಿಕೊಂಡ ಸ್ನೇಹಕ್ಕೆ ಕೊಟ್ಟದ್ದಂತೆ. ಬೇರೆ ಹೂವೆಲ್ಲ ಮುದುರಿಕೊಳ್ಳುವ ಕೊರೆಯುವ ಚಳಿಯಲ್ಲೇ ಇದು ಅರಳುವುದಂತೆ. ವರ್ಷವಿಡೀ ಎಲೆ ಉದುರಿಸುವುದಿಲ್ಲವಂತೆ. ಹೆಸರು ಇಂಗ್ಲಿಷಿನದು, ಶಾಂತಮಲ್ಲಪ್ಪ ಘಾಟಿ ಇಳಿಯುವ ಹೊತ್ತಿಗೋ ಗೂಡಲೂರಿನ ಹೊತ್ತಿಗೋ ಮರೆತಿದ್ದ.

"ಇದರ ವಾಸ್ನೆ ಗೋಡೆ ದಾಟಿ ಬೀದಿಗೋಯ್ತದಂತೆ ಕಣ. ಅಷ್ಟು ಜೋರಂತೆ. ಅದ್ಕೇ..." ಎಂದು ನಿಲ್ಲಿಸಿದ.

"ಮೂಗು ಸತ್ತೋಳ್ಗೆ ಗಮ್ಮನ್ನೋ ಗಿಡ ತಂದವ್ರೆ. ಬೋಳ್ ತಲೆಗೆ ಬಾಚಣಿಗೆ!" ಎಂದಳು ಗುರುಸಿದ್ದಮ್ಮ. ಹಾಗೆನ್ನುತ್ತಲೇ ಗಿಡವನ್ನು ಅವನ ಕೈಯಿಂದ ಕಸಿದುಕೊಂಡು ಹಿತ್ತಲಿಗೆ ಹೋದಳು.

ನೆಟ್ಟದ್ದು ಬಚ್ಚಲ ನೀರು ಹರಿಯುವ ಕಡೆ. ನಮ್ಮ ಕಡೆ ಬಾಳೆಯಾಗಲಿ ಕೆಸುವಾಗಲಿ ಬಚ್ಚಲ ನೀರು ಕುಡಿದೇ ಕೊಬ್ಬುವುದು. ಅದಕ್ಕೇ ಬೆಳಗ್ಗೆ ಬಚ್ಚಲ ನೀರು, ಸಂಜೆ ಅಕ್ಕಿ ತೊಳೆದ ನೀರು. ತಿಂಗಳೊಳಗೆ ಎಲೆ ಹಳದಿಯಾಯಿತು. ಶಾಂತಮಲ್ಲಪ್ಪ ಊಟಿಗೆ ಹೋಗಿ ಮಾಲಿಯನ್ನು ಕೇಳಿದರೆ ಅವನು ಹಣೆ ಚಚ್ಚಿಕೊಂಡನಂತೆ. ಅದು ಬೆಟ್ಟದ ಗಿಡ, ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ. ಹಾಗೆಂದು ಕಿತ್ತು ಬೇರೆಡೆ ನೆಟ್ಟರೂ ಉಳಿಯುವುದಿಲ್ಲ, ಒಮ್ಮೆ ಕೂತ ಜಾಗವೇ ಅದಕ್ಕೆ ಜಾಗ.

ಇನ್ನೊಬ್ಬಳಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದಳು. ಗುರುಸಿದ್ದಮ್ಮ ಗಿಡವನ್ನು ಕದಲಿಸಲಿಲ್ಲ, ಬಚ್ಚಲನ್ನೇ ಕದಲಿಸಿದಳು! ಕಲ್ಲು ಕಿತ್ತು, ಕಾಲುವೆ ಮುಚ್ಚಿ, ನೀರನ್ನು ಇನ್ನೊಂದು ಗೋಡೆಗೆ ತಿರುಗಿಸಿದಳು. ನೀರು ಬಸಿಯಲೆಂದು ಗಿಡದ ಸುತ್ತ ಗರಸು ಮಣ್ಣು ಸುರಿದು, ಬೆಟ್ಟದ ತಪ್ಪಲಿನಿಂದ ತರಗೆಲೆಯ ಗೊಬ್ಬರ ತಂದು ಹಾಸಿದಳು. ಮಧ್ಯಾಹ್ನದ ಬಿಸಿಲಿಗೆ ಹಳೇ ಚಾಪೆ ಕಟ್ಟಿದಳು. ನೀರು ಹಾಕಬೇಕೆಂದು ಕೈ ತುರಿಸಿದರೂ ಹಾಕದೆ ಇರುವುದನ್ನು ಕಲಿತಳು, ಅದೇ ಅವಳಿಗೆ ಕಷ್ಟದ ಕೆಲಸ. ಗಿಡ ಚೇತರಿಸಿಕೊಂಡು ಸೊಂಟದೆತ್ತರ ಬಂತು. ವಿಶಾಲ ಮೈಸೂರು ರಾಜ್ಯವಾದ ಐವತ್ತಾರರ ಮಾಗಿ ಕಳೆಯಿತು, ಅದರ ಮುಂದಿನದೂ ಕಳೆಯಿತು. ಹೂವಿಲ್ಲ.

"ಒಂದ್ಸಲ ಎದುರ್ಸಿ ನೋಡು ಸಿದ್ದಮ್ಮ" ಎಂದಳು ಪುಟ್ಟಬಸಮ್ಮ. ಹೂ ಬಿಡದ ಗಿಡವನ್ನು ಹೆದರಿಸಲು ನಮ್ಮಲ್ಲಿ ಒಂದು ನಾಟಕವುಂಟು. ಒಬ್ಬರು ಮಚ್ಚು ಹಿಡಿದು ಕಡಿಯಲು ಬರಬೇಕು, ಇನ್ನೊಬ್ಬರು ಅಡ್ಡ ನಿಂತು 'ಬೇಡ ಬೇಡ, ಈ ಸಲ ಬಿಡುತ್ತದೆ' ಎಂದು ಗಿಡದ ಪರ ಜಾಮೀನು ನಿಲ್ಲಬೇಕು. ಗಿಡ ಕೇಳಿಸಿಕೊಳ್ಳುತ್ತದೆ ಎಂದು ನಂಬಿಕೆ. ಅಮಾವಾಸ್ಯೆಯ ದಿನ ಶಾಂತಮಲ್ಲಪ್ಪನ ಕೈಗೆ ಮಚ್ಚು ಕೊಟ್ಟರು. ಅವನು ಗಿಡದ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ಕಡ್ದಾಕ್ಬುಡ್ಲಾ... ಬೇಜಾರ್ ಮಾಡ್ಕಬ್ಯಾಡ ಕಣವ್ವ" ಅಂದ. ಪುಟ್ಟಬಸಮ್ಮ ಬಿದ್ದು ಬಿದ್ದು ನಕ್ಕಳು.

ಗುರುಸಿದ್ದಮ್ಮ ನಗಲಿಲ್ಲ. ಮಚ್ಚು ಕಿತ್ತುಕೊಂಡು ಎತ್ತಿದಳು. "ಬಚ್ಚಲ ತಿರುಗ್ಸಿದೆ ನಿಂಗೋಸ್ಕರ! ಎತ್ತ ಮಗೀಗೂ ಯಾರೂ ಇಂಗೆ ಮಾಡಕಿಲ್ಲ. ನಂಗೆ ಯಾವ ವಾಸ್ನೆಯೂ ಇಲ್ದಂಗಾಗದೆ, ನೀನೂ ಸುಮ್ಕೆ ನಿಂತಿದ್ದೀಯಲ್ಲಾ!" ಮಾತು ಅಳುವಾಯಿತು. ಪುಟ್ಟಬಸಮ್ಮನಿಗೆ ಆಗ ಎಲ್ಲ ತಿಳಿಯಿತು; ಅಂದು ಹಾಲು ಸೀದಾಗ ನಕ್ಕದ್ದು ನೆನಪಾಗಿ ಮುಖ ಸಪ್ಪಗಾಯಿತು. ಅವಳು ಅಡ್ಡ ನಿಂತು ಗಿಡವನ್ನು ತಬ್ಬಿಕೊಂಡಳು. "ಬ್ಯಾಡ ಕಣಮ್ಮಿ. ಬರೋ ಮಾಗೀಗೆ ಬುಡ್ತದೆ. ನಾನ್ ಜವಾಬ್ದಾರಿ." ಅದು ನಾಟಕದ ಮಾತಾಗಿರಲಿಲ್ಲ.

ಬಿಟ್ಟಿತು. ಮುಂದಿನ ಮಾಗಿಯ ಒಂದು ಬೆಳಗ್ಗೆ, ಬೆಟ್ಟ ಕಾಣದಷ್ಟು ಮಂಜು ಸುರಿಯುತ್ತಿದ್ದಾಗ, ಎಲೆಗಳ ನಡುವೆ ಗೊಂಚಲುಗಳು ಒಡೆದಿದ್ದವು. ಹೊರಗೆ ನಸುಗೆಂಪು, ಒಳಗೆ ಬಿಳಿ. ದನವೂ ನಡುಗುವ ಆ ಚಳಿಯಲ್ಲಿ, ಅಷ್ಟು ಸಣ್ಣ ಹೂವು ಯಾವ ಧೈರ್ಯದಿಂದ ಕಣ್ಣು ಬಿಟ್ಟಿತೋ! ಬೀದಿಯಲ್ಲಿ ಹೋಗುವವರು ನಿಂತು ಗೋಡೆಯ ಕಡೆ ಮುಖವೆತ್ತುತ್ತಿದ್ದರು. ಕಟ್ಟಿಗೆ ಹೊತ್ತ ಮರಿತಾಯಮ್ಮ ಹೊರೆ ಇಳಿಸದೆ ನಿಂತು, "ಏನವ್ವಾ ಇದು, ದ್ಯಾವ್ರು ಬಂದಂಗದೆ!" ಎಂದಳು.

ಗುರುಸಿದ್ದಮ್ಮನಿಗೆ ಏನೂ ಬರಲಿಲ್ಲ. ಊರಿಗೆಲ್ಲ ಬಂದದ್ದು ಬೆಳೆಸಿದವಳಿಗಿಲ್ಲ.

"ಅತ್ರಕ್ಕೋಗಿ ಮೂಸಿ ನೋಡು" ಎಂದ ಶಾಂತಮಲ್ಲಪ್ಪ. "ಅದ್ಕೇ ಅಲ್ವಾ ತಂದಿದ್ದು."

"ಮೊದಲ್ನೇ ಹೂವ ಸಿವನ್ದು ಕಣ್ರೀ. ಮೂಸಿದ್ದು ಅವನ್ಗೆ ಬತ್ತದಾ?"

ಮೂಸಿದ ಹೂವು ಎಂಜಲಿಗೆ ಸಮ. ಹುಟ್ಟಿದಾಗಿನಿಂದ ಕಲಿತದ್ದು. ಇಷ್ಟು ವರ್ಷ ಕಾದದ್ದು ಒಂದು ಉಸಿರಿನ ದೂರದಲ್ಲಿದ್ದರೂ ಅವಳು ಮುಖ ಅತ್ತ ತಿರುಗಿಸಿಕೊಂಡು, ಉಸಿರು ಬಿಗಿಹಿಡಿದು, ಹೂ ಬಿಡಿಸಿದಳು. ಶಾಂತಮಲ್ಲಪ್ಪನಿಗೆ ನೋಡಲಾಗಲಿಲ್ಲ. "ಒಲೆ ಮೇಲೆ ಆಲದೆ, ನೋಡ್ಕಳಿ" ಎಂದು ಅವನಿಗೆ ಹೇಳಿ ಅವಳು ಪೂಜೆಗೆ ಕೂತಳು.

ಹಣೆಗೂ ಕೊರಳಿಗೂ ವಿಭೂತಿ ಧರಿಸಿ, ಎದೆಯ ಮೇಲಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯ ಮೇಲಿಟ್ಟುಕೊಂಡಳು. ನೀರೆರೆದಳು. ಹೂವನ್ನು ಏರಿಸಿದಳು. ಆಮೇಲೆ ದಿನವೂ ಮಾಡುವಂತೆ ಅಂಗೈಯನ್ನು ಮುಖದ ಸಮಕ್ಕೆ ಎತ್ತಿ, ದೃಷ್ಟಿಯಿಟ್ಟು, ನಿಧಾನವಾಗಿ ಉಸಿರೆಳೆದುಕೊಂಡಳು.

ಮೊದಲು ಅದು ವಾಸನೆ ಎಂದೇ ಅವಳಿಗೆ ತಿಳಿಯಲಿಲ್ಲ. ಮೂಗಿನ ಬುಡದಲ್ಲಿ ಏನೋ ತಣ್ಣಗಾಯಿತು. ನಿಂಬೆಯ ಸಿಪ್ಪೆ ಹಿಂಡಿದಾಗಿನ ಚುರುಕು, ಅದರ ಹಿಂದೆಯೇ ಆಲೆಮನೆಯ ಪಾಕದಂಥ ಸಿಹಿ. ಅವಳ ಮೈಯೆಲ್ಲ ಜುಮ್ಮೆಂದಿತು. ಮೂಸಿಬಿಟ್ಟೆನೇ? ಇಲ್ಲ. ಅರ್ಪಿಸಿಯಾಗಿತ್ತು. ಅರ್ಪಿಸಿದ ಮೇಲೆ ಹಿಂದಿರುಗಿ ಬಂದದ್ದು ಪ್ರಸಾದ. ಅವನೇ ಕೊಟ್ಟದ್ದು! ಕಣ್ಣೀರು ಕೆನ್ನೆಗಿಳಿದು ಕೊರಳ ವಿಭೂತಿ ತೊಯ್ದಾಗ, ಅದರ ಬೂದಿವಾಸನೆಯೂ ಬಂತು. ಹಸಿ ಸಗಣಿ ಸಾರಿಸಿದ ನೆಲದ್ದು ಬಂತು. ಒಂದೊಂದಾಗಿ, ತವರಿನವರು ಬಾಗಿಲಿಗೆ ಬಂದ ಹಾಗೆ.

ಆಮೇಲೆ ಇನ್ನೊಂದು ಬಂತು. ಪೂಜೆಯ ನಡುವೆ ಮಾತಾಡಬಾರದು. ಆದರೂ ಗುರುಸಿದ್ದಮ್ಮ ಗೋಡೆ ಅದುರುವಂತೆ ಕೂಗಿದಳು: "ಆಲು ಸೀಯ್ತಾ ಅದೆ!"

ಹಿತ್ತಲಲ್ಲಿ ಹೂವಿನ ಮುಂದೆ ಮೈಮರೆತು ನಿಂತಿದ್ದ ಶಾಂತಮಲ್ಲಪ್ಪ ಒಳಗೆ ಓಡಿಬಂದು, ಕಪ್ಪಾದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಒಲೆಯ ಮುಂದೆಯೇ ಕುಸಿದು ಕೂತು ಅಳತೊಡಗಿದ. ಗೋಡೆಯಾಚೆ ಪುಟ್ಟಬಸಮ್ಮ ಎಷ್ಟೋ ವರ್ಷದ ಅಭ್ಯಾಸದಿಂದ ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆ ಓಡುತ್ತ ಕೇಳಿದಳು:

"ಯಾರ ಆಲು ಸಿದ್ದಮ್ಮ, ನಂದಾ?"

"ಅಲ್ಲ ಕಣಮ್ಮಿ," ಎಂದಳು ಗುರುಸಿದ್ದಮ್ಮ, "ನಂದು!"