ಉಪ್ಪು ನೋಡಿದವರು ಯಾರು?

ನಾನು ಅನುಮಾನದ ಮನುಷ್ಯ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಾಲ್ಕು ಸಾಲು ಓದುವಷ್ಟರಲ್ಲಿ ನೀವೇ ಕಂಡುಹಿಡಿಯುತ್ತೀರಿ. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಎಂದುಕೊಳ್ಳುತ್ತೇನೆ. ನಗದೆ ಬಂದರೆ, ನಾನು ಅದನ್ನು ಪತ್ತೆ ಮಾಡಿರುವುದು ಅವನಿಗೆ ಗೊತ್ತಾಗಿಹೋಗಿದೆ ಎಂದುಕೊಳ್ಳುತ್ತೇನೆ. ಇದರಲ್ಲಿ ತಪ್ಪೆಲ್ಲ ನನ್ನದೇ ಅಲ್ಲ. ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದೆ. ಕರಗಿದ ಕಬ್ಬಿಣವನ್ನು ಅಚ್ಚಿಗೆ ಹೊಯ್ದು ತೆಗೆದ ಸಾಮಾನುಗಳನ್ನು ತಿರುಗಿಸಿ, ತಟ್ಟಿ, ಎಲ್ಲಿ ಬಿರುಕು, ಎಲ್ಲಿ ಗುಳ್ಳೆ ಎಂದು ಹುಡುಕುವ ಕೆಲಸ. ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ನಿವೃತ್ತಿಯಾದ ಮೇಲೆ ಸಂಬಳ ನಿಂತಿತು, ಅಭ್ಯಾಸ ನಿಲ್ಲಲಿಲ್ಲ.

ಆ ಕೆಲಸದಲ್ಲಿ ಒಂದು ಜಾಣತನವಿತ್ತು. ಹೊಯ್ದ ಸಾಮಾನು ಒಳಗೆ ಗಟ್ಟಿಯಾಗಿದೆಯೇ ಎಂದು ತಿಳಿಯಬೇಕಾದರೆ ಮುರಿದು ನೋಡಬೇಕು. ಮುರಿದರೆ ಸಾಮಾನೇ ಹೋಯಿತು. ಅದಕ್ಕೇ ಅದೇ ಸೌಟಿನ ಲೋಹದಲ್ಲಿ ಪಕ್ಕಕ್ಕೊಂದು ಸಣ್ಣ ತುಂಡನ್ನೂ ಹೊಯ್ಯುತ್ತಿದ್ದೆವು. ಟೆಸ್ಟ್ ಪೀಸು ಅಂತ. ಅದನ್ನು ಮುರಿದು ನೋಡಿ, ಇದು ಸರಿಯಿದ್ದರೆ ಅದೂ ಸರಿ ಎಂದು ಮುದ್ರೆ ಒತ್ತುವುದು. ನನ್ನ ಹೆಂಡತಿ ಗಿರಿಜಳಿಗೆ ಇದನ್ನು ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವಳು ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದಳು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂಬ ಅನುಮಾನ ಮಾತ್ರ ನನಗೆ ಒಂದು ದಿನವೂ ಬರಲಿಲ್ಲ.

ಇಷ್ಟು ದೊಡ್ಡ ಪೀಠಿಕೆ ಒಂದು ಬಟ್ಟಲು ಕೋಳಿ ಸೂಪಿಗೆ. ಗಾಬರಿಯಾಗಬೇಡಿ, ಇನ್ನೂ ಸ್ವಲ್ಪ ಪೀಠಿಕೆ ಉಳಿದಿದೆ.

ಗಿರಿಜ ಹೊಳೆಹೊನ್ನೂರಿನವಳು. ವಿಭೂತಿ ಹಚ್ಚಿಕೊಳ್ಳದೆ ಬಾಯಿಗೆ ನೀರೂ ಹಾಕದ ಮನೆತನ. ಕೋಳಿ ಹಾಗಿರಲಿ, ಕೋಳಿಮೊಟ್ಟೆಯೂ ಅವರ ಹೊಸ್ತಿಲು ದಾಟಿದ್ದಿಲ್ಲ. ನಾನೋ, ಭಾನುವಾರವೆಂದರೆ ಕೋಳಿಸಾರು ಎಂದೇ ತಿಳಿದು ಬೆಳೆದವನು. ಶಿವಮೊಗ್ಗ–ಭದ್ರಾವತಿ ಬಸ್ಸಿನಲ್ಲಿ ದಿನಾ ಒಂದೇ ಹೊತ್ತಿಗೆ ಓಡಾಡುತ್ತಿದ್ದೆವು. ಅವಳು ಹೊಲಿಗೆ ಕಲಿಸಲು ಹೋಗುತ್ತಿದ್ದಳು, ನಾನು ತಪ್ಪು ಹುಡುಕಲು. ಬಸ್ಸು ಮುಂದೆ ಹೋದಂತೆ ವಿಷಯವೂ ಮುಂದೆ ಹೋಯಿತು. ಅವಳ ಅಪ್ಪ ಎಂಟು ತಿಂಗಳು ಮಾತಾಡದೆ ಕೂತಿದ್ದು ಕೊನೆಗೆ ಒಪ್ಪಿದರು. ಮದುವೆಯ ಹಿಂದಿನ ದಿನ ಛತ್ರದ ಹಿಂಬದಿಗೆ ನನ್ನನ್ನು ಕರೆದುಕೊಂಡು ಹೋಗಿ, "ನೀನು ಏನ್ ಬೇಕಾದ್ರೂ ತಿನ್ನಪ್ಪ, ಅದು ನಿನ್ ಹೊಟ್ಟೆ. ನಮ್ ಹುಡುಗಿ ನಾಲಿಗೆಗೆ ಮಾತ್ರ ಅದು ತಾಗಬಾರ್ದು. ಮಾತು ಕೊಡು" ಎಂದರು. "ತಾಗಲ್ಲ ಮಾವ" ಎಂದೆ.

ಮಾವ ಈಗಿಲ್ಲ. ಕೊಟ್ಟ ಮಾತು ಇದೆ. ಶಿವಮೊಗ್ಗದ ಆಲ್ಕೊಳದಲ್ಲಿರುವ ನಮ್ಮ ಮನೆಯ ಹಿಂದೆ, ಶೀಟಿನ ಕೆಳಗೆ, ನನ್ನದೊಂದು ಒಂಟಿ ಒಲೆ. ಅದಕ್ಕೊಂದು ಕಪ್ಪಿಟ್ಟ ಅಲ್ಯೂಮಿನಿಯಂ ಪಾತ್ರೆ, ಬೇರೆ ಮೊಳೆಗೆ ತೂಗುಹಾಕಿದ ಬೇರೆ ಸೌಟು. ಭಾನುವಾರ ನಾನೇ ಬೇಯಿಸಿ, ನಾನೇ ತಿಂದು, ನಾನೇ ತೊಳೆಯುತ್ತೇನೆ. ಶ್ರಾವಣದಲ್ಲಿ ಆ ಒಲೆಗೆ ರಜೆ. ಮೂವತ್ತು ವರ್ಷ ಈ ಏರ್ಪಾಡಿನಲ್ಲಿ ಒಂದು ಬಿರುಕೂ ಕಂಡಿರಲಿಲ್ಲ.

ಹೋದ ವರ್ಷ ಬಿರುಕು ಬಿಟ್ಟಿದ್ದು ನನ್ನ ಎದೆ. ಆಸ್ಪತ್ರೆಯಲ್ಲಿ ಒಂದು ಸ್ಟೆಂಟ್ ಕೂರಿಸಿ ಕಳುಹಿಸಿದರು. ಎಣ್ಣೆ ಬೇಡ, ಬೆಣ್ಣೆ ಬೇಡ, ಉಪ್ಪು ಅರ್ಧಕ್ಕಿಂತ ಕಡಿಮೆ, ಆದರೆ ಮೈಗೆ ಶಕ್ತಿ ಬೇಕು, ಚೆನ್ನಾಗಿ ತಿನ್ನಿ ಎಂದರು ಡಾಕ್ಟರು. ಇವೆಲ್ಲ ಇಲ್ಲದ ಮೇಲೆ ಚೆನ್ನಾಗಿ ತಿನ್ನುವುದು ಏನನ್ನು ಎಂದು ಕೇಳಬೇಕೆನಿಸಿತು, ಶಕ್ತಿ ಇರಲಿಲ್ಲ. ಊಟ ಸೇರುತ್ತಿರಲಿಲ್ಲ. ನನ್ನ ಜೊತೆ ಫೌಂಡ್ರಿಯಲ್ಲಿದ್ದ ಸೆಲ್ವರಾಜ ನೋಡಲು ಬಂದವನು, "ಏನ್ ಸಾರ್, ಪ್ಯಾಂಟೊಳಗೆ ನೀವ್ ಇದೀರಾ, ಇಲ್ಲ ಬರೀ ಬೆಲ್ಟಾ?" ಎಂದ. ನಕ್ಕೆವು. ಅವನು ಹೋದ ಮೇಲೆ ಗಿರಿಜ ಒಳಗೆ ಕೂತು ಅತ್ತಿದ್ದಳೆಂದು ಅವಳ ಮೂಗು ನೋಡಿದರೆ ತಿಳಿಯುತ್ತಿತ್ತು.

ಮಾರನೆಯ ದಿನ ಅವಳು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು. "ಹಗುರವಾದ, ಹೊಟ್ಟೆ ತುಂಬುವ, ಕ್ರೀಮಿ ಚಿಕನ್ ಸೂಪ್" ಎಂದಿತ್ತು. ನನ್ನ ಮೂಗು ಎಚ್ಚರವಾಯಿತು. ಹಗುರವಾಗಿದ್ದರೆ ಹೊಟ್ಟೆ ತುಂಬುವುದು ಹೇಗೆ? ಪೂರ್ತಿ ಓದಿದರೆ ಅದರಲ್ಲಿ ಕ್ರೀಮೇ ಇಲ್ಲ! ನಮ್ಮ ಫೌಂಡ್ರಿಯಲ್ಲಿ ಹೀಗೆ ಇಲ್ಲದ್ದನ್ನು ಇದೆ ಎಂದು ಚೀಟಿ ಬರೆದು ಅಂಟಿಸಿದ್ದರೆ ನಾನು ಲಾರಿಯನ್ನೇ ವಾಪಸ್ ಕಳುಹಿಸುತ್ತಿದ್ದೆ. ಸೂಪು ಎಂಬ ಹೆಸರಿನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ನಮ್ಮಲ್ಲಿ ಹಳೆಯ ಕಾಲದಿಂದಲೂ ಸೂಪ ಎಂದರೆ ತೊವ್ವೆ, ಸೂಪಕಾರ ಎಂದರೆ ಅಡಿಗೆಯವನು. ಈ ಇಂಗ್ಲಿಷಿನ ಸೂಪು ಅದೇ ಮುಖ ಹೊತ್ತುಕೊಂಡು ಎಲ್ಲಿಂದ ಬಂತು? ನೆಂಟನೋ, ನೆಂಟನೆಂದು ಹೇಳಿಕೊಂಡು ಊಟಕ್ಕೆ ಬಂದವನೋ ನನಗಂತೂ ಇವತ್ತಿಗೂ ಬಗೆಹರಿದಿಲ್ಲ.

"ನಾನೇ ಮಾಡ್ತೀನಿ" ಎಂದಳು ಗಿರಿಜ.

"ನೀನಾ? ಕೋಳೀನಾ?"

"ಕೈಯಲ್ಲಿ ಮುಟ್ಟಿದ್ರೆ ಕೈ ತೊಳ್ಕೋತೀನಿ. ನಿಮ್ಮನ್ನ ಆ ಒಲೆ ಹತ್ರ ಬಿಟ್ರೆ ಬೆಣ್ಣೆ ಹಾಕ್ತೀರಾ."

ಹಾಕುತ್ತಿದ್ದೆ ಎಂಬುದು ನಿಜ. ಆದರೆ ಅಷ್ಟು ಬೇಗ ಊಹಿಸಬಾರದಿತ್ತು.

ಹೀಗೆ ನನ್ನ ಕಪ್ಪು ಪಾತ್ರೆ ಮೂವತ್ತು ವರ್ಷದ ಮೇಲೆ ಅಡುಗೆಮನೆಗೆ ಕಾಲಿಟ್ಟಿತು. ಎಡಗಡೆಯ ಒಲೆ ನನಗೆ, ಬಲಗಡೆಯದು ಅವಳಿಗೆ ಎಂದು ಗಡಿ ಹಾಕಿದಳು. ಮೂಳೆ, ಚರ್ಮ, ಕೊಬ್ಬು ತೆಗೆಸಿದ ಕೋಳಿಯನ್ನು ಮೊದಲ ದಿನ ಇಕ್ಕಳದಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ, "ಶಿವನೇ" ಎಂದು ಪಾತ್ರೆಗೆ ಬಿಟ್ಟಳು. ಶುಂಠಿ, ಬೆಳ್ಳುಳ್ಳಿ, ಮೆಣಸು ಹಾಕಿ ಉಪ್ಪಿಲ್ಲದೆ ಬೇಯಿಸಿದಳು. ಇನ್ನೊಂದು ಕಡೆ ಈರುಳ್ಳಿ, ಹೂಕೋಸು, ಒಂದು ಆಲೂಗಡ್ಡೆ, ಹಿಡಿ ಓಟ್ಸ್ ಬೇಯಿಸಿ, ನುಣ್ಣಗೆ ರುಬ್ಬಿ, ಕೆನೆ ತೆಗೆದ ಹಾಲು ಬೆರೆಸಿದಳು. ಕ್ಯಾರೆಟ್ಟು, ಜೋಳದ ಕಾಳು ಆಮೇಲೆ ಬಿದ್ದವು. ಬಟ್ಟಲಿಗೆ ಬಂದದ್ದು ಬೆಳ್ಳಗೆ, ದಪ್ಪಗೆ, ಕೆನೆಗಟ್ಟಿದಂತೆ ಇತ್ತು. ನಾನು ನಂಬದೆ ಕಸದ ಬುಟ್ಟಿ ನೋಡಿ ಬಂದೆ, ಹೂಕೋಸಿನ ದಂಟು ಬಿಟ್ಟರೆ ಬೇರೆ ಸಾಕ್ಷಿ ಸಿಗಲಿಲ್ಲ.

ತೊಡಕು ಬಂದದ್ದು ಉಪ್ಪಿನಲ್ಲಿ. ಅವಳು ಬಾಯಿಗೆ ಹಾಕಿ ನೋಡುವಂತಿಲ್ಲವಲ್ಲ! "ರೀ, ಉಪ್ಪು ನೋಡಿ" ಎಂದು ಕರೆಯುತ್ತಿದ್ದಳು. ನಾನು ನೋಡಿ, "ಕಮ್ಮಿ" ಎನ್ನುತ್ತಿದ್ದೆ. ಒಂದು ಚಿಟಿಕೆ ಬೀಳುತ್ತಿತ್ತು. "ಇನ್ನೂ ಸ್ವಲ್ಪ." ಇನ್ನೊಂದು. ಆಹಾ, ಅಧಿಕಾರ ಎಂದರೆ ಏನೆಂದು ನನಗೆ ಫೌಂಡ್ರಿಯಲ್ಲೂ ಅಷ್ಟು ಗೊತ್ತಾಗಿರಲಿಲ್ಲ. ಹತ್ತು ದಿನ ಸುಖವಾಗಿ ಕಳೆಯಿತು. ಹನ್ನೊಂದನೆಯ ದಿನ ಡಾಕ್ಟರು ಬಿಪಿ ನೋಡಿ ಗಿರಿಜಳ ಮುಖ ನೋಡಿದರು. ಗಿರಿಜ ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವತ್ತಿನಿಂದ ಉಪ್ಪು ನೋಡಲು ನನ್ನನ್ನು ಕರೆಯುವುದು ನಿಂತುಹೋಯಿತು.

ಅನುಮಾನ ಶುರುವಾದದ್ದು ಅಲ್ಲಿಂದಲೇ. ಉಪ್ಪು ಕಡಿಮೆಯೇ ಇರುತ್ತಿತ್ತು, ಆದರೆ ಸಪ್ಪೆಯೆನಿಸುತ್ತಿರಲಿಲ್ಲ. ಸೋಮವಾರ, ಶನಿವಾರ ಬಿಟ್ಟು ದಿನಾ ಸೂಪು. ಒಂದು ದಿನ ಸಿಹಿಗುಂಬಳ ಬೀಳುವುದು, ಒಂದು ದಿನ ಮೂಲಂಗಿ, ಒಂದು ದಿನ ಹಾಲು ಜಾಸ್ತಿ. ಆದರೂ ಹದ ಒಂದು ದಿನವೂ ಕೆಡಲಿಲ್ಲ. ಚಮಚದಲ್ಲಿ ಅಳೆದಿರಬಹುದು ಎನ್ನುತ್ತೀರಿ. ಗಿರಿಜ ಅಳೆಯುವವಳಲ್ಲ, ಕೈ ಅಂದಾಜಿನವಳು. ತರಕಾರಿ ಬದಲಾದಂತೆ ಚಿಟಿಕೆ ಬದಲಾಗಬೇಕು, ಬದಲಾಗಬೇಕಾದರೆ ಯಾರೋ ನಾಲಿಗೆಗೆ ಹಚ್ಚಿ ನೋಡಲೇಬೇಕು. ಮನೆಯಲ್ಲಿ ಇರುವುದು ಎರಡೇ ನಾಲಿಗೆ. ಅದರಲ್ಲಿ ಒಂದು ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿತ್ತು.

ಬೇರೆ ಸುಳಿವುಗಳೂ ಸಿಕ್ಕವು. ಸಂಜೆ ಏಳಕ್ಕೆ ಅಡುಗೆಮನೆಯ ಬಾಗಿಲು ಮುಂದಕ್ಕೆ ಸರಿಯುತ್ತಿತ್ತು. ಒಳಗಿಂದ ಸೊರ್ ಎಂದು ಏನೋ ಹೀರುವ ಸದ್ದು. ಸಿಂಕಿನಲ್ಲಿ ನನ್ನ ಬಟ್ಟಲಿನ ಜೊತೆ ಇನ್ನೊಂದು ಬಟ್ಟಲು. ಒಂದು ದಿನವಂತೂ ಅವಳು ಹೊರಗೆ ಬಂದಾಗ ತುಟಿಯಂಚಿನಲ್ಲಿ ಬೆಳ್ಳಗೆ ಒಂದು ಹನಿ ಇತ್ತು. ನಾನು ನೋಡುತ್ತಿದ್ದಂತೆ ಸೆರಗಿನಲ್ಲಿ ಒರೆಸಿಕೊಂಡು, "ಸೆಕೆ" ಎಂದಳು.

ನನಗೆ ನಿಜವಾಗಿಯೂ ಭಯವಾಯಿತು. ನನ್ನ ಬಾಯಿರುಚಿಗಾಗಿ ಅವಳು ತನ್ನ ಹುಟ್ಟಿನಿಂದ ಬಂದ ನಿಯಮವನ್ನು ಸದ್ದಿಲ್ಲದೆ ಮುರಿದುಬಿಟ್ಟಳೇ? ಕಾರಣ ಯಾರು? ಹತ್ತು ದಿನ "ಕಮ್ಮಿ, ಕಮ್ಮಿ" ಎಂದು ಸುಳ್ಳು ಹೇಳಿದ ನಾನು. ಗೋಡೆಯ ಮೇಲಿನ ಮಾವನ ಫೋಟೋ ಕೆಳಗೆ ಹಾದುಹೋಗುವಾಗ ತಲೆ ತಗ್ಗಿಸತೊಡಗಿದೆ. ಸೂಪು ಬೇಡವೆನ್ನಬಹುದಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬೇಡವೆನ್ನಲಿಲ್ಲ. ಚೆನ್ನಾಗಿತ್ತು ಮಾರಾಯರೇ, ಮೈಗೂ ಹತ್ತುತ್ತಿತ್ತು. ಬೆಲ್ಟು ಎರಡು ತೂತು ಹಿಂದಕ್ಕೆ ಬಂದಿತ್ತು.

ಕೊನೆಗೆ ಮನಸ್ಸು ತಡೆಯದೆ ಒಂದು ಮಧ್ಯಾಹ್ನ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಸೆಲ್ವರಾಜನ ಮುಂದೆ ಎಲ್ಲ ಹೇಳಿಕೊಂಡೆ. ಅವನು ಕಾಫಿ ಆರಿಸುತ್ತಾ ಪೂರ್ತಿ ಕೇಳಿದ.

"ಕೇಳಿಬಿಡಿ ಸಾರ್, ಮುಗೀತು."

"ಕೇಳಿ, ಅವಳು ಹೌದು ಅಂದ್ರೆ?"

"ಹೌದು ಅಂದ್ರೆ ಏನೀಗ? ನಿಮಗೋಸ್ಕರ ತಾನೆ ಮಾಡಿದ್ದು?"

"ಅದೇ ಕಣಯ್ಯಾ ನನಗೆ ತಡ್ಕೊಳಕ್ಕಾಗದೆ ಇರೋದು."

ಅವನು ಲೋಟ ಕೆಳಗಿಟ್ಟ. "ಮೂವತ್ತ್ ವರ್ಷ ಕಬ್ಬಿಣ ನೋಡಿದ್ರಿ. ಮನೇಲಿ ಬಾಗಿಲು ಹಾಕ್ಕೊಂಡ್ರೆ ತಳ್ಳಿ ನೋಡಕ್ಕೆ ಏನ್ ಭಯ? ಹೋಗಿ ಸಾರ್, ಇನ್ಸ್‌ಪೆಕ್ಷನ್ ಮಾಡಿ."

ಅವತ್ತು ಸಂಜೆ ಏಳಕ್ಕೆ ಅಡುಗೆಮನೆಯ ಬಾಗಿಲು ಮುಂದಕ್ಕೆ ಸರಿಯಿತು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೋಗಿ ತಳ್ಳಿದೆ.

ಎಡಗಡೆಯ ಒಲೆಯ ಮೇಲೆ ನನ್ನ ಕಪ್ಪು ಪಾತ್ರೆ. ಬಲಗಡೆ ಅವಳ ಸಣ್ಣ ಸ್ಟೀಲಿನ ಪಾತ್ರೆ. ಎರಡರಲ್ಲೂ ಅದೇ ಬೆಳ್ಳನೆಯ ಸೂಪು ಕುದಿಯುತ್ತಿತ್ತು. ಗಿರಿಜ ಬೆನ್ನು ಹಾಕಿ ನಿಂತಿದ್ದಳು. ಎಡಕ್ಕೊಂದು ಚಿಟಿಕೆ ಉಪ್ಪು, ಬಲಕ್ಕೊಂದು ಚಿಟಿಕೆ. ಬೇರೆ ಬೇರೆ ಸೌಟಿನಲ್ಲಿ ಎರಡನ್ನೂ ತಿರುವಿದಳು. ಬಲಗಡೆಯದರಿಂದ ಒಂದು ಚಮಚ ತೆಗೆದು, ಊದಿ, ಕಣ್ಣು ಮುಚ್ಚಿ ಸೊರ್ ಎಂದು ಹೀರಿದಳು. ತಲೆಯಾಡಿಸಿದಳು. ಮತ್ತೆ ಎಡಕ್ಕೊಂದು, ಬಲಕ್ಕೊಂದು.

"ಏನಿದು?" ಎಂದೆ.

"ಅಯ್ಯೋ! ಎದೆ ಒಡೆದುಹೋಯ್ತು. ಹೀಗಾ ಬರೋದು ಕಳ್ಳನ ಹಾಗೆ?"

"ಎರಡು ಪಾತ್ರೆ ಯಾಕೆ?"

"ತರಕಾರಿ ಎಲ್ಲ ಒಟ್ಟಿಗೆ ರುಬ್ತೀನಿ. ಆಮೇಲೆ ಇದಕ್ಕೆರಡು ಲೋಟ, ಅದಕ್ಕೆರಡು ಲೋಟ. ನಿಮ್ದಕ್ಕೆ ಕೋಳಿ ಬೀಳುತ್ತೆ, ನಂದಕ್ಕೆ ಬೀಳಲ್ಲ, ಅಷ್ಟೇ ವ್ಯತ್ಯಾಸ. ಇದರ ಉಪ್ಪು ಸರಿ ಇದ್ರೆ ಅದರದ್ದೂ ಸರಿ."

"ಇದನ್ನ ನಿನಗೆ ಯಾರು ಹೇಳಿಕೊಟ್ರು?"

"ನೀವೇ. ಟೆಸ್ಟ್ ಪೀಸು, ಟೆಸ್ಟ್ ಪೀಸು ಅಂತ ಮೂವತ್ತ್ ವರ್ಷ ತಲೆ ತಿಂದಿದ್ದೀರಲ್ಲ."

ನಾನು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತೆ. ಮಾವನಿಗೆ ಕೊಟ್ಟ ಮಾತು ಉಳಿದಿತ್ತು. ಅದನ್ನು ಉಳಿಸಿದ್ದು ನಾನಲ್ಲ, ಅವಳು. ಆಮೇಲೆ ಇನ್ನೊಂದು ವಿಷಯ ನಿಧಾನವಾಗಿ ತಲೆಗೆ ಹೋಯಿತು. ಸಿಂಕಿನಲ್ಲಿ ಸಿಗುತ್ತಿದ್ದ ಆ ಎರಡನೆಯ ಬಟ್ಟಲು. ಮಿಡಿ ಉಪ್ಪಿನಕಾಯಿ ಇಲ್ಲದೆ ಮೊಸರನ್ನವೂ ಇಳಿಯದ ಹೆಂಗಸು ಇವಳು. ರೋಗಿಯ ಉಪ್ಪಿನ, ಬೆಣ್ಣೆಯಿಲ್ಲದ ಈ ಸೂಪನ್ನು ಮೂರು ತಿಂಗಳಿಂದ ಅಡುಗೆಮನೆಯಲ್ಲಿ ನಿಂತುಕೊಂಡು ಕುಡಿಯುತ್ತಿದ್ದಾಳೆ.

"ಒಂದು ಚಮಚ ನೋಡಿ ಬಿಟ್ರೆ ಆಗಲ್ವೇನೆ? ಪೂರ್ತಿ ಯಾಕೆ ಕುಡೀತೀಯಾ?"

"ಒಂದ್ ಚಮಚ ಯಾವುದಾದ್ರೂ ಚೆನ್ನಾಗೇ ಇರುತ್ತೆ. ಬಟ್ಟಲು ಮುಗಿಯೋ ಹೊತ್ತಿಗೆ ಬೇಜಾರಾಗುತ್ತಾ ಇಲ್ವಾ ಅಂತ ನೋಡ್ಬೇಕಲ್ಲ. ನನಗೆ ಅರ್ಧಕ್ಕೇ ಸಾಕು ಅನ್ಸಿದ್ರೆ, ನೀವೂ ಅರ್ಧ ಬಿಡ್ತೀರಾ. ನೀವು ಬಿಡಬಾರ್ದಲ್ಲ."

ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ಕಟ್ಟುನಿಟ್ಟಾದ ತಪಾಸಣೆಯನ್ನು ನಾನು ಕಂಡಿರಲಿಲ್ಲ. ನಾವು ತುಂಡನ್ನು ಒಂದು ಸಲ ಮುರಿದು ನೋಡಿ ಮುಂದಕ್ಕೆ ಹೋಗುತ್ತಿದ್ದೆವು. ಅವಳ ಬಟ್ಟಲನ್ನೂ ನಾನೇ ಎತ್ತಿಕೊಂಡು ಬಂದು ಮೇಜಿನ ಮೇಲೆ ನನ್ನದರ ಎದುರಿಗೆ ಇಟ್ಟೆ.

ಇಬ್ಬರೂ ಕೂತೆವು. ಫ್ಯಾನು ತಿರುಗುತ್ತಿತ್ತು. ಮಾವನ ಫೋಟೋವನ್ನು ಬಹಳ ದಿನದ ಮೇಲೆ ತಲೆ ಎತ್ತಿ ನೋಡಿದೆ. ಬಟ್ಟಲಿನಲ್ಲಿ ಒಂದು ಜೋಳದ ಕಾಳೂ ಉಳಿಯದ ಹಾಗೆ ಕುಡಿದು ಮುಗಿಸಿದೆ. ಡಾಕ್ಟರ ಕೋಣೆಯ ಆ ದಿನದ ನಂತರ ಮೊದಲ ಸಲ ಗಿರಿಜ ಕೇಳಿದಳು, "ಉಪ್ಪು?"

"ಸರಿ ಇದೆ" ಎಂದೆ. ದೇವರಾಣೆ, ಮನಸಾರೆ ಹೇಳಿದ್ದು.

ಅವಳು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದಳು. "ಯಾಕ್ರೀ, ಮೈ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದು, ಎಷ್ಟಿದೆಯೆಂದು ನೋಡಿಕೊಂಡು ಬಂದಳು.