ದಮಯಂತಿಗೆ ಬಡಿಸಿದ ಎಲೆ

ಮೀಂಜದಲ್ಲಿ ದಮಯಂತಿಯ ಹಿಟ್ಟಿನ ಗಿರಣಿಯೂ ನನ್ನ ಹೊಲಿಗೆ ಅಂಗಡಿಯೂ ಒಂದೇ ಗೋಡೆಗೆ ಅಂಟಿಕೊಂಡಿವೆ. ಒಟ್ಟಿಗೆ ಶಾಲೆಗೆ ಹೋದವರು ನಾವು. ಅವಳ ಮೆಣಸಿನ ಘಾಟಿಗೆ ಸೀನಿ ಸೀನಿಯೇ ನನ್ನ ಅರ್ಧ ಆಯುಷ್ಯ ಕಳೆಯಿತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಒಂದು ಮಿಷನಿನ ಗಲಾಟೆಯೇ ಸಾಕು ಮಾರಾಯ್ತಿ" ಅನ್ನುತ್ತಿದ್ದಳು. ಅವಳಿಗೆ ಇದ್ದದ್ದು ತಮ್ಮ ಸುಧೀರ ಒಬ್ಬನೇ.

ಅವನು ದುಬೈಯಿಂದ ಬರುವಾಗ ಲಿವರ್ ಕೆಟ್ಟಿತ್ತು. ಹಳೆಯ ಕಾಮಾಲೆಯ ಫಲ. ಕುಡಿತದಿಂದ ಎಂದು ಊರು ತೀರ್ಪು ಕೊಟ್ಟಿತು, ಊರಿಗೇನು, ಬಾಯಿಗೆ ಬಾಡಿಗೆ ಉಂಟೇ? ಸುಧೀರ ಮೊಬೈಲಿನಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆಯ ವೀಡಿಯೊಗಳನ್ನು ನೋಡಿ ಅದನ್ನೇ ಹಿಡಿದು ಕೂತ. ಅದು ಇನ್ನೂ ಪ್ರಯೋಗದಲ್ಲೇ ಇದೆ, ಕಾಯುವಷ್ಟು ಸಮಯ ನಿಮಗಿಲ್ಲ ಎಂದರು ಡಾಕ್ಟರು.

"ನನ್ನದು ಉಂಟಲ್ಲ, ತೆಗೀರಿ" ಎಂದಳು ದಮಯಂತಿ.

ಅರ್ಧಕ್ಕಿಂತ ಹೆಚ್ಚೇ ಕತ್ತರಿಸಿ ಅವನಿಗೆ ಇಟ್ಟರು. ಆಸ್ಪತ್ರೆಯಲ್ಲಿ ಅವಳ ಜೊತೆ ನಿಂತವಳು ನಾನು. ಕೆಲವು ತಿಂಗಳಲ್ಲಿ ಅವಳಲ್ಲಿ ಉಳಿದ ತುಂಡೂ ಬೆಳೆಯಿತು, ಅವನೊಳಗಿನ ತುಂಡೂ ಬೆಳೆಯಿತು. "ಕೆಸುವಿನ ಗೆಡ್ಡೆ ನೋಡು, ಎಲ್ಲಿ ನೆಟ್ಟರೂ ಆಗ್ತದೆ" ಎಂದು ನಗುತ್ತಿದ್ದಳು.

ಮೂರು ವರ್ಷ ಸುಧೀರ ಚೆನ್ನಾಗಿದ್ದ. ಆಮೇಲೆ ನ್ಯುಮೋನಿಯಾ ಬಂದು ತೀರಿಕೊಂಡ. ಸಮಾಧಾನಕ್ಕೆಂದು ಡಾಕ್ಟರು ಒಂದು ಮಾತು ಹೇಳಿದರು: ಕೊನೆಯವರೆಗೂ ಲಿವರಿಗೆ ಏನೂ ಆಗಿರಲಿಲ್ಲ. ಆ ಮಾತೇ ಅವಳನ್ನು ಹಿಡಿದದ್ದು.

ಕೆಳಗಿನ ಗುಡ್ಡೆಯಲ್ಲಿ ಚಿತೆ ಉರಿಯುವಾಗ ನಾವಿಬ್ಬರೂ ಜಗಲಿಯಲ್ಲಿದ್ದೆವು. ಅವಳು ಬಲಪಕ್ಕೆ ಒತ್ತಿ ಹಿಡಿದು ನೀರು ಕೇಳುತ್ತಲೇ ಇದ್ದಳು.

"ಚೆನ್ನಾಗಿತ್ತಲ್ಲ, ಹಾಗಾದ್ರೆ ಜೀವ ಇದ್ದದ್ದನ್ನೇ ಸುಡ್ತಿದ್ದಾರಾ? ಇಲ್ಲಿ ಕೈ ಇಡು."

ಇಟ್ಟೆ. ಹೊಲಿಗೆಯ ಗುರುತಿನ ಉದ್ದಕ್ಕೂ ಒಲೆಯಿಂದ ಇಳಿಸಿದ ಪಾತ್ರೆಯ ಬಿಸಿ. ಕೈಕಾಲು ಮಾತ್ರ ತಣ್ಣಗೆ. ಜ್ವರ ಎಂದು ಅವಳಿಗೆ ಹೇಳಿದೆ. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ನೋವು ಹೋಗಲಿಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಮಳೆಗಾಲದ ಆಟಿ ತಿಂಗಳು ಬಂತು. ನಮ್ಮಲ್ಲಿ ಆಗ ಕುಲೆಗಳಿಗೆ, ಅಂದರೆ ಸತ್ತವರ ಪ್ರೇತಗಳಿಗೆ, ಒಳಕೋಣೆಯಲ್ಲಿ ಎಲೆ ಹಾಕಿ ಬಡಿಸಿ, ಅವರು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವಳ ಸೋದರಮಾವ ಮಹಾಬಲಣ್ಣ ಹೊಸ ಮಾತು ತೆಗೆದರು.

"ಅವನ ಒಟ್ಟಿಗೆ ಸುಟ್ಟದ್ದು ನಿನ್ನದು ಮಗಾ. ಅದಕ್ಕೂ ಒಂದು ಎಲೆ ಹಾಕ್ಬೇಕು. ಇಲ್ಲದಿದ್ರೆ ಅದು ಉಳಿದದ್ದನ್ನು ಕರೀತದೆ."

ಬದುಕಿದವರ ಹೆಸರಿಗೆ ಕುಲೆಯ ಎಲೆ! ನಾನು ಅವಳನ್ನು ಆಚೆ ಕರೆದು ಬೈದೆ, "ನಿನಗೆ ಬುದ್ಧಿ ಉಂಟಾ? ಎಂತ ಅಪಶಕುನ ಇದು?"

"ನನಗೆ ಸಾಯ್ಲಿಕ್ಕೆ ಮನಸ್ಸಿಲ್ಲ ಮಾರಾಯ್ತಿ" ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಅಳುವುದನ್ನು ನೋಡಿದ್ದು ಅದೇ ಮೊದಲು.

ಮುಸ್ಸಂಜೆಗೆ ಎರಡು ಎಲೆಗಳಲ್ಲೂ ಕುಚ್ಚಲಕ್ಕಿ ಅನ್ನ, ಕೋಳಿ ಪದಾರ್ಥ ಬಡಿಸಿದರು. ಮಹಾಬಲಣ್ಣ ಹೊಸ್ತಿಲಲ್ಲಿ ನಿಂತು ಸುಧೀರನ ಹೆಸರು ಹೇಳಿ ಕರೆದರು. ಆಮೇಲೆ ಅದೇ ಧ್ವನಿಯಲ್ಲಿ ದಮಯಂತಿಯ ಹೆಸರು ಹೇಳಿದರು. ನನ್ನ ಪಕ್ಕದಲ್ಲೇ ಕೂತಿದ್ದವಳ ಹೆಸರು. ಅವಳು ನನ್ನ ಕೈ ಹಿಡಿದಳು.

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗೆ ಬಾಳೆಲೆ ನೆಲದ ಮೇಲೆ ಸರಿದ ಸದ್ದಾಯಿತು. ಎಲ್ಲರೂ ಕೇಳಿಸಿಕೊಂಡೆವು.

ಬಾಗಿಲು ತೆಗೆದಾಗ ಸುಧೀರನ ಎಲೆ ಬಡಿಸಿದ ಹಾಗೆಯೇ ಇತ್ತು. ದಮಯಂತಿಯ ಎಲೆ ಅವನ ಎಲೆಗೆ ತಾಗಿಕೊಂಡಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅನ್ನ ಖಾಲಿಯಾಗಿತ್ತು. ಇಲಿ, ಬೆಕ್ಕು ಎಂದು ಈಗ ಯಾರು ಬೇಕಾದರೂ ಹೇಳಬಹುದು, ನಾನೂ ಹೇಳುತ್ತೇನೆ. ಆದರೆ ಆ ಕೋಣೆಗೆ ಕಿಟಕಿಯಿಲ್ಲ.

ಮಹಾಬಲಣ್ಣ ಹಿಂದೆ ಸರಿದರು. ದಮಯಂತಿ ಮಾತ್ರ ನನ್ನ ಕೈ ಬಿಟ್ಟು ಒಳಗೆ ನಡೆದು ಆ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅದನ್ನು ಮುಟ್ಬೇಡ ಮಗಾ" ಎಂದರು ಅವರು.

ಅವಳು ಮಾವನನ್ನು ನೋಡಲಿಲ್ಲ. ಪಕ್ಕದ ಎಲೆಯ ಎದುರಿನ ಖಾಲಿ ಜಾಗವನ್ನೇ ನೋಡಿದಳು.

"ನಿನಗೆ ಬೇಕಾದಷ್ಟು ಕೊಟ್ಟಾಯ್ತು ಸುಧೀರ" ಎಂದಳು. "ಉಳಿದದ್ದು ನನಗೆ ಬೇಕು."

ಎಂದವಳೇ ಅನ್ನ ಕಲಸಿ ಉಣ್ಣತೊಡಗಿದಳು.